ವಿಳಾಸವಿಲ್ಲದ ಸಿಟ್ಟು

ಹೊಗಳಿಕೆ ಹತ್ತೊಂಬತ್ತು ದಿನ ಕೆಲಸ ಮಾಡಿತು. ಹಾಡು ಹನ್ನೊಂದು ದಿನ. ಗೋಡೆಯ ಮೇಲೆ ಹಾರ ಹಾಕಿ ತೂಗುಬಿಟ್ಟ 'ತಿಂಗಳ ಉತ್ತಮ ಕಾರ್ಮಿಕೆ'ಯ ಫೋಟೊ ನಾಲ್ಕೇ ದಿನ. ಹಾರ ಹಾಕಿದ ಫೋಟೊ ಎಂದರೆ ಸತ್ತವರದು ಎಂದು ಹೆಂಗಸರು ಆ ಗೋಡೆಯ ಕಡೆ ನೋಡುವುದನ್ನೇ ಬಿಟ್ಟರು. ಸಿಟ್ಟು ಮಾತ್ರ ನೂರಾ ಎಂಬತ್ತು ದಿನವಾದರೂ ಗುಲಗಂಜಿಯಷ್ಟೂ ಇಳಿಯಲಿಲ್ಲ.

ಇದನ್ನು ಕಂಡುಹಿಡಿದವರು ಡಾಕ್ಟರ್ ನಿರುಪಮಾ. ಗಾರ್ಮೆಂಟ್ಸಿನ ಎಂಟನೇ ಯೂನಿಟ್ಟಿನಲ್ಲಿ, ನಾನೂರು ಹೊಲಿಗೆ ಮಿಷನ್ನುಗಳ ನೆತ್ತಿಯ ಮೇಲೆ ಕಟ್ಟಿದ ಗಾಜಿನ ಕೋಣೆಯಲ್ಲಿ ಅವರ ಆಫೀಸು. ಮೆತ್ತಗಿನ ಮಾತು, ಕಾಟನ್ ಸೀರೆ. ಯಾರನ್ನೂ ಏಕವಚನದಲ್ಲಿ ಕರೆದವರಲ್ಲ.

"ರಾಜಮ್ಮಣಿಯವರೇ, ಸಂತೋಷ ಮೆದುಳಿಗೆ ಬೇಗ ರೂಢಿಯಾಗಿಬಿಡುತ್ತೆ. ಎರಡನೇ ಮೈಸೂರು ಪಾಕಿಗೆ ಮೊದಲನೆಯದರ ರುಚಿ ಇರಲ್ಲ. ಸಿಟ್ಟು ಹಾಗಲ್ಲ. ಮೂವತ್ತು ವರ್ಷದ ಹಿಂದಿನ ಅವಮಾನ ನೆನೆಸಿಕೊಂಡರೆ ಇವತ್ತೂ ಕೈ ನಡುಗುತ್ತೆ, ಹೌದೋ ಅಲ್ಲವೋ? ಆ ನಡುಕ ಎಷ್ಟು ದೊಡ್ಡ ಶಕ್ತಿ ಗೊತ್ತಾ? ಸುಮ್ಮನೆ ಪೋಲಾಗ್ತಿತ್ತು."

ರಾಜಮ್ಮಣಿ ನಾಲ್ಕನೇ ಲೈನಿನ ಸೂಪರ್‌ವೈಸರ್. ಹದಿನಾಲ್ಕು ವರ್ಷ ಇದೇ ಫ್ಲೋರಿನಲ್ಲಿ ಕಾಲರು ಕೂರಿಸುತ್ತ, ತೋಳು ಕೂರಿಸುತ್ತ ಬೆನ್ನು ಬಗ್ಗಿಸಿದವಳು. ಯಾವ ಹೆಂಗಸಿನ ಗಂಡ ಕುಡಿಯುತ್ತಾನೆ, ಯಾರಿಗೆ ಮುಟ್ಟಿನ ಹೊಟ್ಟೆನೋವು ಜಾಸ್ತಿ, ಯಾರನ್ನು ಮುಟ್ಟಿದರೆ ಮುರಿಯುತ್ತಾಳೆ, ಎಲ್ಲ ಅವಳಿಗೆ ಗೊತ್ತು. ಅದಕ್ಕೇ ಡಾಕ್ಟರು ಅವಳನ್ನು ಗಾಜಿನ ಕೋಣೆಗೆ ಕರೆಸಿಕೊಂಡು ಪರದೆಯ ಮುಂದೆ ಕೂರಿಸಿದ್ದರು. ಪರದೆಯಲ್ಲಿ ನಲವತ್ತು ಹೆಸರು. ಪ್ರತಿ ಹೆಸರಿನ ಮುಂದೆ ಒಂದರಿಂದ ಒಂಬತ್ತರವರೆಗೆ ಮೆಟ್ಟಿಲು. ಯಾರಿಗೆ ಎಷ್ಟು ಸಿಟ್ಟಿನ ಬಿಸಿ ಕೊಡಬೇಕೆಂದು ತೀರ್ಮಾನಿಸುವುದು ಅವಳ ಕೆಲಸ.

ಆ ಬಿಸಿ ಕೊಡುವುದು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವ ಒಂದು ಪಟ್ಟಿ. ಅದಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ಹೆಂಗಸರು ಅದನ್ನು 'ಕಂಪ್ನಿ ಓಲೆ' ಎಂದು ಕರೆದರು. ಬೆಳಿಗ್ಗೆ ಗೇಟಿನಲ್ಲಿ ತಮ್ಮ ನಂಬರಿನ ಡಬ್ಬಿಯಿಂದ ತೆಗೆದು ಸಿಕ್ಕಿಸಿಕೊಳ್ಳಬೇಕು, ಸಂಜೆ ಅಲ್ಲೇ ಬಿಚ್ಚಿಡಬೇಕು. ಸೂಪರ್‌ವೈಸರಿಗೂ ಓಲೆ ತಪ್ಪಿದ್ದಲ್ಲ.

ಓಲೆ ಹಾಕುವುದಕ್ಕೆ ಮೊದಲು ಡಾಕ್ಟರು ಒಬ್ಬೊಬ್ಬರನ್ನೇ ಕರೆದು, ಕುರ್ಚಿ ಕೊಟ್ಟು, ಕಾಫಿ ಕೊಟ್ಟು, ಒಂದೇ ಪ್ರಶ್ನೆ ಕೇಳಿದ್ದರು: "ನಿಮ್ಮ ಜೀವನದಲ್ಲಿ ಅತಿ ಹೆಚ್ಚು ಸಿಟ್ಟು ಬಂದ ದಿನ ಯಾವುದು?" ಹುಟ್ಟಿದಾಗಿನಿಂದ ಆ ಹೆಂಗಸರನ್ನು ಯಾರೂ ಅದನ್ನು ಕೇಳಿರಲಿಲ್ಲ. ಅತ್ತುಕೊಂಡು ಹೇಳಿದರು, ನಗಾಡಿಕೊಂಡು ಹೇಳಿದರು. ತಲೆಗೆ ಹಾಕಿದ ತಂತಿಬಲೆ ಎಲ್ಲವನ್ನೂ ಕೇಳಿಸಿಕೊಂಡಿತು. ಸಿಟ್ಟು ಎಲ್ಲಿಂದ ಏಳುತ್ತದೆ, ಯಾವ ದಾರಿಯಲ್ಲಿ ಹೋಗಿ ಆ ನೆನಪನ್ನು, ಆ ಮುಖವನ್ನು ಮುಟ್ಟುತ್ತದೆ ಎಂದು ಗುರುತು ಹಾಕಿಕೊಂಡಿತು. ಓಲೆ ಮಾಡುತ್ತಿದ್ದದ್ದು ಎರಡೇ ಕೆಲಸ. ಒಂದು, ಸಿಟ್ಟಿನ ನೀರು ಬಿಡುವುದು. ಇನ್ನೊಂದು, ಆ ದಾರಿಯ ತೂಬು ಮುಚ್ಚುವುದು. ನಾಲೆಯ ತುಂಬ ನೀರು, ಗದ್ದೆಗೆ ಹೋಗುವ ದಾರಿಯಿಲ್ಲ. ಯಾರ ಮೇಲೆ, ಯಾಕೆ ಎಂದು ತಿಳಿಯದ ಸಿಟ್ಟು ಕೈಗೆ ಇಳಿಯಬೇಕು. ಕೈಯ ಮುಂದೆ ಇರುವುದು ಬಟ್ಟೆಯೊಂದೇ.

ಗಂಟೆಗೆ ಎಪ್ಪತ್ತು ಶರ್ಟು ಇಳಿಸುತ್ತಿದ್ದ ಲೈನು ನೂರಾ ಹದಿನೆಂಟು ಇಳಿಸತೊಡಗಿತು. ಸೂಜಿ ಬೆರಳಿಗೆ ಇಳಿದು ಉಗುರಿನಾಚೆ ಬಂದರೂ ಅದೇ ಲೈನಿನ ಸಾಕಮ್ಮ ಮಿಷನ್ ನಿಲ್ಲಿಸಲಿಲ್ಲ. ಬಿಳೀ ಕಾಲರಿನ ಮೇಲೆ ರಕ್ತ ಚಿಮ್ಮಿದ್ದಕ್ಕೆ ಹಿಂದಿನ ಮಿಷನ್ನಿನವಳು, "ನಿನ್ ಬೆಳ್ಳು ಕತ್ತರಸ್ಕೊಂಡು ಹಾಳಾಗೋಗು, ಪೀಸ್ ಯಾಕ್ ಕೆಡಿಸ್ದೆ?" ಎಂದು ಅವಳ ಜಡೆ ಹಿಡಿದು ಎಳೆದಳು. ಇಬ್ಬರೂ ಒಂದೇ ಊರಿನವರು, ಒಂದೇ ಬುತ್ತಿಯಲ್ಲಿ ಉಂಡವರು.

ಡಾಕ್ಟರು ಮೇಲಿಂದ ಅದನ್ನು ನೋಡಿ ಹತ್ತಿಯ ಉಂಡೆ, ಟಿಂಚರು ಕಳಿಸಿದರು.

*

ಸಂಜೆ ಓಲೆ ಬಿಚ್ಚಿಟ್ಟರೂ ಬಿಟ್ಟ ನೀರು ಇಂಗುತ್ತಿರಲಿಲ್ಲ.

ಮೊದಲ ತಿಂಗಳು ಪಾತ್ರೆಗಳು ಒಡೆದವು. ಎರಡನೇ ತಿಂಗಳು ಬಸ್ಸಿನ ಕಂಡಕ್ಟರನ ಹಲ್ಲು ಉದುರಿತು. ಮೂರನೇ ತಿಂಗಳು ಎರಡನೇ ಲೈನಿನ ಗೌರಿ, ಸಾರಿಗೆ ಉಪ್ಪು ಕಮ್ಮಿ ಎಂದ ಅತ್ತೆಯನ್ನು ಏರಿಯ ಮೇಲಿಂದ ನಾಲೆಗೆ ದೂಡಿದಳು. ಹೆಣ ಮೂರು ಮೈಲಿ ಕೆಳಗೆ ಸಿಕ್ಕಿತು. ಯಾಕೆ ದೂಡಿದೆ ಎಂದು ಕೇಳಿದರೆ ಗೌರಿ, "ಗೊತ್ತಿಲ್ಲ ಕಣ್ರಪ್ಪೋ, ಅವ್ವನಂಗೆ ನೋಡ್ಕಂಡಿದ್ಲು ನನ್ನ" ಎಂದು ಎದೆ ಬಡಿದುಕೊಂಡಳು.

ಜನ ಎಂಥದಕ್ಕೂ ಒಗ್ಗಿಕೊಳ್ಳುತ್ತಾರೆ. ಆ ಹೆಂಗಸರ ಮನೆಗಳಿದ್ದ ನಾಲೆಯ ಪಕ್ಕದ ಬೀದಿಯಲ್ಲಿ ಹೊಸದೊಂದು ಪದ್ಧತಿ ಬಂತು. ಬಸ್ಸಿಳಿದ ಹೆಂಗಸರು ನೇರ ಮನೆಗೆ ಹೋಗುತ್ತಿರಲಿಲ್ಲ. ಬಟ್ಟೆ ಒಗೆಯುವ ಕಲ್ಲುಗಳ ಮೇಲೆ ಒಬ್ಬರಿಗೊಬ್ಬರು ಬೆನ್ನು ಮಾಡಿ, ಕಾಲನ್ನು ನೀರಿಗೆ ಇಳಿಬಿಟ್ಟು ಒಂದು ಗಂಟೆ ಕೂರುತ್ತಿದ್ದರು. ಮಾತಾಡಿದರೆ ಹೊಡೆದಾಟ, ಅದಕ್ಕೇ ಮಾತಿಲ್ಲ. ಮಕ್ಕಳು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವುದನ್ನು ಕಲಿತವು. ಕಿಟಕಿಯಿಂದ ಕೂಗುತ್ತಿದ್ದವು: "ಅವ್ವಾ, ಆರಿದ್ಯಾ?"

ರಾಜಮ್ಮಣಿ ಒಂದು ದಿನ ಆರದೆ ಬಂದಿದ್ದಳು. ಗಂಡ ತೀರಿಹೋಗಿ ಒಂಬತ್ತು ವರ್ಷ. ಇರುವವಳು ಒಬ್ಬಳೇ ಮಗಳು, ಏಳನೇ ಕ್ಲಾಸಿನ ಪವಿತ್ರ. ಹುಡುಗಿ ಅವ್ವನಿಗೆಂದು ಕಾಯಿಸಿದ ಹಾಲು ಉಕ್ಕಿಸಿಬಿಟ್ಟಿತ್ತು. ಅಷ್ಟೆ. ಲಟಕ್ಕೆಂದ ಸದ್ದು ಕೇಳಿದಾಗ ಸೌದೆ ಮುರಿಯಿತು ಎಂದುಕೊಂಡಳು ರಾಜಮ್ಮಣಿ. ಅವಳ ಕೈಯಲ್ಲಿದ್ದದ್ದು ಮಗಳ ಎಡಗೈ.

ಆಸ್ಪತ್ರೆಯಲ್ಲಿ ಪವಿತ್ರ, "ಜಾರಿ ಬಿದ್ದೆ ಸಾರ್" ಎಂದಿತು. ಅಲ್ಲಿನ ಮೂಳೆ ಡಾಕ್ಟರು, "ಈ ಬೀದಿ ಮಕ್ಕಳೆಲ್ಲ ಜಾರಿ ಬೀಳ್ತಾವಲ್ಲಮ್ಮ, ಏನು ಎಣ್ಣೆ ಸುರಿದಿದ್ದೀರಾ?" ಎಂದು ರಾಜಮ್ಮಣಿಯ ಮುಖ ನೋಡಿದರು. ಅಂದಿನಿಂದ ಪವಿತ್ರ ಅವ್ವನ ಕೈಗೆ ಎಟುಕುವಷ್ಟು ಹತ್ತಿರ ಬರಲಿಲ್ಲ. ಊಟದ ತಟ್ಟೆಯನ್ನು ನೆಲದ ಮೇಲೆ ಜಾರಿಸಿ ದೂರ ಕೂರುತ್ತಿತ್ತು. ಮುಂದಿನ ಸಲ ಕೈಗೆ ಸಿಕ್ಕುವುದು ಕುತ್ತಿಗೆಯಾದರೆ? ಹಾಗೆಂದು ರಾಜಮ್ಮಣಿಯೂ ಇನ್ನಷ್ಟು ದೂರಕ್ಕೆ ಜರುಗಿ ಉಣ್ಣುತ್ತಿದ್ದಳು.

*

ಒಂದು ಲೈನಿನ ನಲವತ್ತು ಹೆಂಗಸರಿಗೆ ಇರುವುದು ಎರಡೇ ಟಾಯ್ಲೆಟ್ ಟೋಕನ್. ಟೋಕನ್ ಸೂಪರ್‌ವೈಸರ್ ಕೈಯಲ್ಲಿ. ಇದು ಓಲೆ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನ ಕಾನೂನು. ಕಾನೂನಿನಷ್ಟೇ ಹಳೆಯದು ಅದನ್ನು ತಪ್ಪಿಸುವ ದಾರಿ: ಜೋಡಿ. ಒಬ್ಬಳು ಕದ್ದು ಹೋದರೆ ಪಕ್ಕದವಳು ಅವಳ ಕಾರ್ಡು ಹಾಕಿಕೊಂಡು ಅವಳ ಮಿಷನ್ನಿಗೆ ಜರುಗಿ ಕೈ ಕೊಡುವುದು. ಓಲೆ ಬಂದ ಮೇಲೆ ಆಯಾ ಮಿಷನ್ನು ಆಯಾ ಓಲೆಯವಳು ಕೂತರೆ ಮಾತ್ರ ಓಡುತ್ತಿತ್ತು. ಹೆಂಗಸರು ಕಾರ್ಡಿನ ಬದಲು ಓಲೆಯನ್ನೇ ಅದಲುಬದಲು ಮಾಡಿಕೊಂಡರು. ಎರಡು ನಿಮಿಷದ ಮಾತು. ರಾಜಮ್ಮಣಿ ಕಂಡೂ ಕಾಣದಂತೆ ಇದ್ದಳು. ಡಾಕ್ಟರಿಗೆ ಹೇಳಬೇಕೆಂದು ತೋಚಲೂ ಇಲ್ಲ. ಅದೇನು ಹೇಳುವ ವಿಷಯವೇ?

ಆ ಮಂಗಳವಾರ ಸಾಕಮ್ಮನಿಗೆ ಹೊಟ್ಟೆ ಕೆಟ್ಟಿತ್ತು. ಪಕ್ಕದ ಮಿಷನ್ನಿನ ಚೆಲುವಿಯ ಮಡಿಲಿಗೆ ತನ್ನ ಓಲೆ ಹಾಕಿ ಹೋದವಳು ಇಪ್ಪತ್ತು ನಿಮಿಷವಾದರೂ ಬರಲಿಲ್ಲ. ಚೆಲುವಿ ತನ್ನದನ್ನು ಬಿಚ್ಚಿಟ್ಟು ಅಷ್ಟೂ ಹೊತ್ತು ಸಾಕಮ್ಮನದನ್ನೇ ಸಿಕ್ಕಿಸಿಕೊಂಡಿದ್ದಳು.

ಮೇಲೆ ಪರದೆಯ ಮೇಲೆ ಸಾಕಮ್ಮನ ಹೆಸರಿನ ಗೆರೆ ಕೆಂಪಾಗಿ ನೆಟ್ಟಗೆ ನಿಂತಿತು. ಗಾಜಿನ ಕೋಣೆಯಲ್ಲಿ ಕೂತಿದ್ದ ರಾಜಮ್ಮಣಿ ಕೆಳಗೆ ನೋಡಿದಳು. ಎದ್ದು ನಿಂತವಳು ಚೆಲುವಿ. ದಾರ ಕತ್ತರಿಸುವ ಸಣ್ಣ ಟ್ರಿಮ್ಮರನ್ನು ಬಿಸಾಕಿ, ಕಟಿಂಗ್ ಟೇಬಲ್ಲಿನ ಮೇಲಿದ್ದ ಒಂದು ಮೊಳದ ಕತ್ತರಿ ಎತ್ತಿಕೊಂಡಳು. ಅವಸರವಿಲ್ಲದೆ, ಮನೆಯ ಮೆಟ್ಟಿಲು ಹತ್ತುವವಳಂತೆ ಹತ್ತಿ ಬಂದು ಗಾಜಿನ ಬಾಗಿಲು ನೂಕಿದಳು.

"ಮೂರ್ ಸಲ ಕೇಳ್ದೆ ನಿನ್ನ."

"ಏನ್ ಚೆಲುವಿ? ಹೋಗು ಮಿಷನ್‌ಗೆ."

"ಮೂರ್ ಸಲ ಕೇಳ್ದೆ ಕಣೆ! ಏಳ್ ತಿಂಗ್ಳಾಗಿತ್ತು ಆವಾಗ ನಂಗೆ. ಕಾಲ್ಮೇಲೆ ರಕ್ತ ಇಳೀತಾ ಐತೆ, ಅಕ್ಕ ಟೋಕನ್ ಕೊಡಕ್ಕ ಅಂದೆ. ಬಂಡಲ್ ಮುಗ್ಸೋಗು ಅಂದೆ ನೀನು. ಮುಗಿಸ್ದೆ. ನನ್ ಕೂಸ್ನ ಕಕ್ಕಸ್ ಗುಂಡಿ ಮೇಲೆ ಹೆತ್ತೆ, ಹೆಣ ಹೆತ್ತೆ!"

ಕತ್ತರಿ ರಾಜಮ್ಮಣಿಯ ಎಡಭುಜಕ್ಕೆ ಇಳಿದು ಮೂಳೆಗೆ ತಾಗಿ ಕರಕ್ಕೆಂದಿತು. ಎರಡನೇ ಸಲ ಎತ್ತುವಷ್ಟರಲ್ಲಿ ಸೆಕ್ಯುರಿಟಿಯವರು ಹಿಂದಿನಿಂದ ಬಂದರು. ಲಾಠಿಯ ಮೊದಲ ಏಟು ಚೆಲುವಿಯ ಮಂಡಿಗೆ, ಎರಡನೆಯದು ಬಾಯಿಗೆ. ಬಿದ್ದ ಮೇಲೂ ಹೊಡೆದರು. ಅವರ ಕಿವಿಯ ಹಿಂದೆಯೂ ಓಲೆಯಿತ್ತು. ಬೂಟುಗಾಲು ಪಕ್ಕೆಗೆ ಬೀಳುವಾಗಲೆಲ್ಲ ಒದ್ದೆ ಬಟ್ಟೆ ಒಗೆದ ಸದ್ದು. ಚೆಲುವಿ ಅಳಲಿಲ್ಲ. ಒಡೆದ ಬಾಯಲ್ಲಿ ನಗುತ್ತ, "ಸಿಕ್ತು, ಸಿಕ್ತು" ಎನ್ನುತ್ತಿದ್ದಳು.

ಕೆಳಗೆ ಯಾರೂ ತಲೆಯೆತ್ತಲಿಲ್ಲ. ಆ ಗಂಟೆಯ ಲೆಕ್ಕ ನೂರಾ ಇಪ್ಪತ್ತೊಂದು.

*

ಕಂಪನಿಯ ನರ್ಸು ಭುಜಕ್ಕೆ ಹನ್ನೊಂದು ಹೊಲಿಗೆ ಹಾಕುತ್ತಿದ್ದಾಗ ಡಾಕ್ಟರ್ ನಿರುಪಮಾ ಎದುರು ಕೂತಿದ್ದರು. ಬಾಗಿಲ ಹತ್ತಿರ ಜಿ.ಎಂ. ಪದ್ಮರಾಜು ಫೋನಿನಲ್ಲಿ ಯಾರಿಗೋ, "ಪೊಲೀಸ್ ಬೇಡ, ಒಳಗೇ ಮುಗಿಸ್ತೀವಿ" ಎನ್ನುತ್ತಿದ್ದ.

"ನಂಗೆ ಅರ್ಥ ಆಗ್ತಿಲ್ಲ ರಾಜಮ್ಮಣಿಯವರೇ," ಎಂದರು ಡಾಕ್ಟರು. "ಗೆರೆ ಏರಿದ್ದು ಸಾಕಮ್ಮನದು, ಬಂದದ್ದು ಚೆಲುವಿ. ಆಕೆಗೆ ನೆನಪಿನ ದಾರಿ ತೆರೆದುಕೊಂಡಿದೆ. ಅದು ಸಾಧ್ಯವೇ ಇಲ್ಲ. ಆ ದಾರಿ ಒಬ್ಬೊಬ್ಬರಿಗೂ ಬೇರೆ, ಕೈರೇಖೆ ಇದ್ದ ಹಾಗೆ. ಅಳತೆ ತಗೊಂಡೇ ಮುಚ್ಚಿದ್ದೀನಿ. ಏನು ನಡೀತು ಅಲ್ಲಿ? ನಿಮಗೆ ಗೊತ್ತಿರುತ್ತೆ."

ರಾಜಮ್ಮಣಿಗೆ ಆ ಕ್ಷಣದಲ್ಲೇ ಹೊಳೆಯಿತು. ಸಾಕಮ್ಮನ ಅಳತೆಯ ತೂಬು ಚೆಲುವಿಗೆ ಕೂರಲಿಲ್ಲ. ನೀರು ಬಂತು, ಬಾಗಿಲು ಮುಚ್ಚಲಿಲ್ಲ. ಚೆಲುವಿಯ ಸಿಟ್ಟು ಚೆಲುವಿಯ ನೆನಪಿಗೇ ನುಗ್ಗಿತು.

ಡಾಕ್ಟರು ಅವಳ ಕೈ ಹಿಡಿದುಕೊಂಡರು. "ಮುಂದಿನ ತಿಂಗಳು ಹದಿನಾಲ್ಕೂ ಯೂನಿಟ್ಟಿಗೆ ಹಾಕಬೇಕು. ತಪ್ಪು ಎಲ್ಲಿ ಅಂತ ಗೊತ್ತಾದರೆ ಸರಿಮಾಡ್ತೀನಿ. ಬೇಕಾದರೆ ಚರ್ಮದೊಳಗೇ ಕೂರಿಸ್ತೀನಿ. ನೀವು ಹೇಳಿದರೆ ನಿಮ್ಮ ಓಲೆ ಇವತ್ತೇ ತೆಗೆಸ್ತೀನಿ. ಮೂರು ವಾರದ ಚಿಕಿತ್ಸೆ, ಮೊದಲಿನ ಹಾಗಾಗ್ತೀರಿ. ಮಗಳ ಕೈ ವಿಷಯ ನಂಗೆ ಗೊತ್ತು. ಆ ಮಗುಗೋಸ್ಕರ ಯೋಚನೆ ಮಾಡಿ."

"ನಾಳೆ ಹೇಳ್ತೀನಿ ಮೇಡಂ."

ಮನೆಯ ಬಾಗಿಲು ಒಳಗಿನಿಂದ ಭದ್ರವಾಗಿತ್ತು. ರಾಜಮ್ಮಣಿ ಹೊಸ್ತಿಲ ಮೇಲೆ ಕೂತು ಬಾಗಿಲಿಗೇ ಎಲ್ಲ ಹೇಳಿದಳು. 

"ಹೂಂ ಅನ್ನವ್ವ," ಎಂದಿತು ಒಳಗಿನಿಂದ ಪವಿತ್ರ. "ನಂಗೆ ನೀನು ಬೇಕು. ಮಿಕ್ಕೋರ್ ಕಟ್ಕೊಂಡು ಏನಾಗಬೇಕು?"

ಹನ್ನೆರಡು ವರ್ಷದ ಹುಡುಗಿ ಇನ್ನೇನು ಹೇಳೀತು? ಹೂಂ ಎನ್ನಬೇಕೆಂದೇ ರಾಜಮ್ಮಣಿ ಬೆಳಿಗ್ಗೆ ಬಸ್ಸು ಹತ್ತಿದ್ದು.

*

ಫ್ಲೋರಿಗೆ ಕಾಲಿಟ್ಟವಳು ನಿಂತುಬಿಟ್ಟಳು. ಚೆಲುವಿ ಮಿಷನ್ನಿನ ಮುಂದೆ ಕೂತಿದ್ದಳು.

ಮುಖ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಸೆಕ್ಯುರಿಟಿ ರೂಮಿನಿಂದ ನೇರ ತಂದು ಕೂರಿಸಿದ್ದರು. ಸ್ಟೂಲಿನ ಕೆಳಗೆ ಉಚ್ಚೆ ಹರಿದು ಒಣಗಿತ್ತು, ಅದರ ಮೇಲೆ ಮತ್ತೆ ಹರಿದಿತ್ತು. ಪರದೆಯಲ್ಲಿ ಅವಳ ಹೆಸರಿನ ಮುಂದೆ ಒಂಬತ್ತು. ಕೈ ಮಾತ್ರ ಮಿಂಚು. ಕಾಲರು, ಕಾಲರು, ಕಾಲರು.

"ಚೆಲುವಿ," ಎಂದಳು ರಾಜಮ್ಮಣಿ.

ಚೆಲುವಿ ಒಂದೇ ಕಣ್ಣಿನಲ್ಲಿ ನೋಡಿದಳು. ಆ ಕಣ್ಣಿನಲ್ಲಿ ಏನೂ ಇರಲಿಲ್ಲ. "ಬಂಡಲ್ ಕೊಡಕ್ಕ. ಖಾಲಿ ಆಯ್ತು."

"ನಾನ್ಯಾರು ಗೊತ್ತಾ? ನಿನ್ ಕೂಸು..."

"ಹೋಯ್ತಲ್ಲಕ್ಕ ಅದು, ಯಾವತ್ತೋ. ಬಂಡಲ್ ಕೊಡು."

ರಾಜಮ್ಮಣಿಗೆ ಕತ್ತರಿ ಭುಜಕ್ಕೆ ಇಳಿದಾಗ ಹೀಗಾಗಿರಲಿಲ್ಲ. ಇವಳ ಕೂಸನ್ನು ಕಿತ್ತುಕೊಂಡದ್ದು ಸಾಲದೆಂದು, ಕೂಸಿಗಾಗಿ ಕೂಗಾಡುವ ಬಾಯಿಯನ್ನೂ ಕಿತ್ತುಕೊಂಡು, ಆ ಕೂಗಿನಿಂದಲೇ ಅಂಗಿ ಹೊಲಿಸುತ್ತಿದ್ದಾರೆ. ಇವಳನ್ನು ಕೊಂದಿದ್ದರೆ ಮಣ್ಣಾದರೂ ಸಿಗುತ್ತಿತ್ತು.

ಮೇಲೆ ಗಾಜಿನ ಹಿಂದೆ ಡಾಕ್ಟರು ಬಾ ಎಂಬಂತೆ ಕೈ ಬೀಸಿದರು.

ರಾಜಮ್ಮಣಿ ತನ್ನ ಓಲೆ ಕಿತ್ತಳು. ಚೆಲುವಿಯದನ್ನೂ ಕಿತ್ತಳು. ಅವಳದನ್ನು ತನಗೆ, ತನ್ನದನ್ನು ಅವಳಿಗೆ ಸಿಕ್ಕಿಸಿದಳು. ಆಮೇಲೆ ಲೈನಿನ ಉದ್ದಕ್ಕೂ ಕೇಳುವಂತೆ ಕೂಗಿದಳು: "ಏ ಅಮ್ಮಿ, ಕೇಳ್ರೇ! ಎಲ್ರೂ ಜೋಡಿ ಬದ್ಲಾಯ್ಸ್ಕೊಳ್ರಿ! ಓಲೆ ಬದ್ಲಾಯ್ಸ್ಕೊಳ್ರಿ! ನೆನ್ನೆ ಚೆಲುವಿಗಾದದ್ದು ನಿಮಗೂ ಆಗ್ಲಿ!"

"ನೀನು ಗಾಜಿನ್ ರೂಮಿನೋಳು," ಎಂದಳು ಸಾಕಮ್ಮ ಮಿಷನ್ ನಿಲ್ಲಿಸದೆ. "ನಿನ್ ಮಾತ್ ನಂಬಿ ಸಾಯಾದಾ?"

"ನಂಬ್ಬ್ಯಾಡ. ನಾನು ನಂಬೋವಂಥ ಹೆಂಗ್ಸಲ್ಲ. ನಿಂಗೆ ದಿನಾ ಬರೋ ಸಿಟ್ಟು ಯಾರ್ದು ಅಂತ ಗೊತ್ತಾಗ್ಬೇಕಾ ಬ್ಯಾಡ್ವಾ? ಅಷ್ಟ್ ಹೇಳು."

ಸಾಕಮ್ಮನ ಕಾಲು ಪೆಡಲಿನ ಮೇಲಿಂದ ಎದ್ದಿತು. ಬ್ಯಾಂಡೇಜು ಸುತ್ತಿದ ಬೆರಳಿನಲ್ಲಿ ಓಲೆ ಬಿಚ್ಚಿ, ಅಂದು ತನ್ನ ಜಡೆ ಹಿಡಿದು ಎಳೆದವಳ ಕಡೆ ಚಾಚಿದಳು. ಅವಳೂ ಬಿಚ್ಚಿದಳು. ಒಂದು ಜೋಡಿ, ನಾಲ್ಕು ಜೋಡಿ, ಲೈನಿನ ತುದಿಯವರೆಗೆ.

ರಾಜಮ್ಮಣಿಗೆ ಮೊದಲು ಬಂದದ್ದು ವಾಸನೆ. ಮಿಷನ್ ಎಣ್ಣೆ, ಒದ್ದೆ ಸೀರೆ. ಹತ್ತೊಂಬತ್ತು ವರ್ಷದ ರಾಜಮ್ಮಣಿ ಟೋಕನ್ ಸಿಗದೆ ಕೂತಲ್ಲೇ ಸೀರೆ ನೆನೆಸಿಕೊಂಡಿದ್ದಾಳೆ. ಫ್ಲೋರ್ ಇನ್‌ಚಾರ್ಜು ಅವಳನ್ನು ಹಾಗೆಯೇ ಸ್ಟೂಲಿನ ಮೇಲೆ ನಿಲ್ಲಿಸಿ, "ನೋಡ್ಕೊಳ್ರಿ, ಇದು ಎಮ್ಮೆ ಕೊಟ್ಟಿಗೆ ಅಲ್ಲ" ಎನ್ನುತ್ತಿದ್ದಾನೆ. ಇನ್‌ಚಾರ್ಜಿನ ಮುಖ ಇವತ್ತಿನ ಜಿ.ಎಂ. ಪದ್ಮರಾಜುವಿನದು. ಕೆಲವು ವರ್ಷ ಕಳೆದ ಮೇಲೆ ಟೋಕನ್ ಡಬ್ಬಿಯನ್ನು ಅವಳ ಕೈಗೆ ಕೊಟ್ಟವನೂ ಅವನೇ: "ಅವಮಾನ ಪಟ್ಟೋರೇ ಚೆನ್ನಾಗಿ ಕಾಯ್ತಾರೆ." ಕಾದಳು. ಮೂರು ಸಲ ಕೇಳಿದ ಬಸುರಿಗೆ ಇಲ್ಲ ಎಂದಳು.

ಮಿಷನ್ನುಗಳು ಒಂದೊಂದಾಗಿ ನಿಂತವು. ಫ್ಯಾನಿನ ಸದ್ದು ಅಷ್ಟು ದೊಡ್ಡದೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಬೇರೆ ಲೈನಿನವರೂ ತಿರುಗಿ ನೋಡಿ ಪಕ್ಕದವರ ಕಿವಿಗೆ ಕೈ ಹಾಕತೊಡಗಿದರು. ಮೇಲೆ ಡಾಕ್ಟರು ಗಾಬರಿಯಲ್ಲಿ ಎಲ್ಲ ಹೆಸರನ್ನೂ ಒಂಬತ್ತಕ್ಕೆ ಏರಿಸಿದರು. ಅಭ್ಯಾಸಬಲ. ಕೆಲಸ ನಿಂತರೆ ಬಿಸಿ ಏರಿಸಬೇಕು.

ಚೆಲುವಿಯ ಕೈ ರಾಜಮ್ಮಣಿಯ ತುರುಬಿಗೆ ಬಿತ್ತು. ತಲೆಯನ್ನು ಹಿಂದಕ್ಕೆ ಬಗ್ಗಿಸಿ, ಒಂದು ಕಣ್ಣನ್ನು ಅವಳ ಕಣ್ಣಿನ ಹತ್ತಿರ ತಂದಳು. ಈಗ ಆ ಕಣ್ಣಿನಲ್ಲಿ ಎಲ್ಲ ಇತ್ತು. ರಾಜಮ್ಮಣಿ ಕೈ ಅಡ್ಡ ಹಿಡಿಯಲಿಲ್ಲ.

"ನಿಂದು ಆಮೇಲೆ," ಎಂದಳು ಚೆಲುವಿ ಹಲ್ಲು ಕಚ್ಚಿ. "ಮೊದ್ಲು ಮೇಲಕ್ಕೆ ನಡಿ."

ನಾನೂರು ಹೆಂಗಸರು ಮೆಟ್ಟಿಲು ಹತ್ತಿದರು. ಇಸ್ತ್ರಿಪೆಟ್ಟಿಗೆ ಗಾಜಿಗೆ ಬಡಿಯಿತು, ಗಾಜು ಮಳೆಯಾಗಿ ಮಿಷನ್ನುಗಳ ಮೇಲೆ ಸುರಿಯಿತು. ಸೆಕ್ಯುರಿಟಿಯವನೊಬ್ಬ ಲಾಠಿ ಎತ್ತಿದವನು ತನ್ನ ಓಲೆಯನ್ನು ಯಾರೋ ಕಿತ್ತು ಬೇರೊಂದು ಸಿಕ್ಕಿಸಿದ ಮೇಲೆ ಮೆಟ್ಟಿಲಲ್ಲೇ ಕುಸಿದು, "ನಮ್ಮಪ್ಪ, ನಮ್ಮಪ್ಪ" ಎಂದು ಗೋಡೆಗೆ ಗುದ್ದತೊಡಗಿದ. ಡಾಕ್ಟರ ಕೋಣೆಯಲ್ಲಿದ್ದ ಪದ್ಮರಾಜು ಹಿಂಬಾಗಿಲಿಗೆ ಓಡಿದ. ಸಾಕಮ್ಮ ಅವನ ಟೈ ಹಿಡಿದಳು. ಅವನ ಮುಖದ ಮೇಲೆ ಬಿದ್ದ ಮೊದಲ ಏಟು ರಾಜಮ್ಮಣಿಯದು, ಹೊಲಿಗೆ ಬಿಚ್ಚಿಹೋದ ಭುಜದ್ದು. ಆಮೇಲಿನವನ್ನು ಎಣಿಸಿದವರಿಲ್ಲ. ಅವನ ಕಾಲು ಮುರಿಯಿತು, ದವಡೆ ಮುರಿಯಿತು. ಜೀವವೊಂದನ್ನು ಉಳಿಸಿದರು, ಅಷ್ಟೆ.

ಡಾಕ್ಟರ್ ನಿರುಪಮಾ ಮೇಜಿನ ಕೆಳಗೆ ಮಂಡಿ ಅಪ್ಪಿಕೊಂಡು ಕೂತಿದ್ದರು. ರಾಜಮ್ಮಣಿ ಬಗ್ಗಿ ಕೇಳಿದಳು: "ಮೇಡಂ, ನಿಮ್ಗೆ ಜೀವ್ನದಲ್ಲಿ ಅತಿ ಹೆಚ್ಚು ಸಿಟ್ಟು ಬಂದ ದಿನ ಯಾವ್ದು?"

ಡಾಕ್ಟರು ಬಾಯಿ ತೆರೆದರು. ಅಂಥ ದಿನವೊಂದನ್ನು ನೆನಪಿನಲ್ಲಿ ಹುಡುಕಿದರು, ಸಿಗಲಿಲ್ಲ.

"ಅದೇ ನೋಡಿ," ಎಂದು ರಾಜಮ್ಮಣಿ ಪರದೆಯನ್ನು ಕಿತ್ತು ನೆಲಕ್ಕೆ ಅಪ್ಪಳಿಸಿದಳು.

*

ಮಧ್ಯಾಹ್ನದ ಹೊತ್ತಿಗೆ ಗೇಟಿನ ಮುಂದೆ ಆರು ಪೊಲೀಸ್ ವ್ಯಾನು. ಸುದ್ದಿ ಬೀದಿಗೆ ಮುಟ್ಟಿ ಮಕ್ಕಳು ಸ್ಕೂಲು ಬಿಟ್ಟು ಓಡಿಬಂದಿದ್ದವು. ವ್ಯಾನಿನ ಬೆಂಚಿನ ಮೇಲೆ ರಾಜಮ್ಮಣಿಯ ಎದುರಿಗೆ ಚೆಲುವಿ ಕೂತಿದ್ದಳು. ಕೂತವಳು ಎದ್ದಳು.

"ಈಗ ನಿಂದು," ಎಂದು ರಪ್ಪನೆ ಹೊಡೆದಳು. ಇನ್ನೊಂದು. ರಾಜಮ್ಮಣಿಯ ತುಟಿ ಒಡೆದು ರಕ್ತ ಗಲ್ಲಕ್ಕಿಳಿಯಿತು. ಮೂರನೆಯದಕ್ಕೆ ಕೈ ಎತ್ತಿದ ಚೆಲುವಿ ಹಾಗೇ ಕುಕ್ಕರಿಸಿ, ಮಡಿಲನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, ಮೂರು ವರ್ಷದಿಂದ ಅಳದ ಅಳುವನ್ನು ಅಳತೊಡಗಿದಳು.

"ಯಾಕ್ ಹೊಡಿತೀಯ ನಮ್ಮವ್ವಂಗೆ?" ಎಂದು ಪವಿತ್ರ ಜನರ ನಡುವಿಂದ ನುಗ್ಗಿ ಕಿರುಚಿತು.

ರಾಜಮ್ಮಣಿ ತನ್ನ ಕೈಗಳನ್ನು ನೋಡಿಕೊಂಡಳು. ಏಟು ತಿಂದಿದ್ದಳು, ಕಣ್ಣು ಕತ್ತಲಿಡುವಷ್ಟು ಉರಿಯುತ್ತಿತ್ತು, ಆದರೂ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಯಾರನ್ನು ಹೊಡೆಯಲೆಂದು ಅವು ತಡಕಾಡುತ್ತಿರಲಿಲ್ಲ.

ಹೆಡ್ ಕಾನ್‌ಸ್ಟೆಬಲ್ಲು ಪ್ಯಾಡು ತೆಗೆದು ಬಾಗಿಲಿಗೆ ಬಂದ. "ಏನಮ್ಮ, ಇದೆಲ್ಲ ಯಾರು ಶುರು ಮಾಡಿದ್ದು? ನಿಜ ಹೇಳಿ, ಬರ್ಕೊಬೇಕು."

"ಬರ್ಕೊಳಿ," ಎಂದಳು ರಾಜಮ್ಮಣಿ. "ಮೂರು ವರ್ಷದ ಹಿಂದೆ, ಆಷಾಢ ಮಾಸ, ಶುಕ್ರವಾರ. ಏಳು ತಿಂಗಳ ಬಸುರಿ ಚೆಲುವಿ ಮೂರು ಸಲ ಟೋಕನ್ ಕೇಳಿದ್ಲು. ಕೊಡದೆ ಇದ್ದೋಳು ರಾಜಮ್ಮಣಿ. ಮೊದಲ್ನೇ ಹೆಸರು ನಂದು ಹಾಕಿ. ಮಿಕ್ಕವು ಆಮೇಲೆ ಹೇಳ್ತೀನಿ, ಒಂದೂ ಬಿಡಲ್ಲ."

ಕಾನ್‌ಸ್ಟೆಬಲ್ಲನ ಪೆನ್ನು ನಿಂತಿತು. ಪವಿತ್ರ ಅವನ ತೋಳಿನಡಿಯಿಂದ ನುಸುಳಿ ವ್ಯಾನು ಹತ್ತಿ, ಅವ್ವನ ತೊಡೆಗೆ ತೊಡೆ ತಾಗುವಂತೆ ಒತ್ತಿಕೊಂಡು ಕೂತು, "ಬರ್ಕೊಳಿ ಸಾರ್, ನಮ್ಮವ್ವ ಹೇಳ್ತಾವ್ಳಲ್ಲ" ಎಂದಿತು.